ಸಾಫ್ಟ್‌ವೇರ್ ನೌಕರಿಯ ಸಸಿಮಡಿ



ಕಳೆದ ಆಗಸ್ಟ್ ತಿಂಗಳ ಒಂದು ಶನಿವಾರ ಹರಿಹರ ತಾಲ್ಲೂಕಿನ ರೈತರೊಬ್ಬರು ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಭದ್ರಾ ನಾಲೆಯ ನೀರಿಗೆ ಆಗಷ್ಟೇ ನಾಟಿ ಮುಗಿಸಿದ್ದರು. ಉಗುರಿನ ಸಂದಿಯಲ್ಲಿ ಕೆಸರಿನ ಕಪ್ಪು ಇನ್ನೂ ಹೋಗಿರಲಿಲ್ಲ. ಮಗ ನನ್ನ ವಿದ್ಯಾರ್ಥಿ, ಕಂಪ್ಯೂಟರ್ ಸೈನ್ಸ್ ಮುಗಿಸಿದವನು. ಅಂಗಿ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ್ದ ಕಾಗದ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: "ಸರ್, ಮಗಂಗೆ ಆಫರ್ ಲೆಟರ್ ಬಂದೈತಿ. ವರ್ಷಕ್ಕ ಮೂರು ಲಕ್ಷದ ಅರವತ್ತು ಸಾವಿರ ಅಂತ ಬರದಾರ. ಅಂದ್ರ ತಿಂಗಳಾ ಮೂವತ್ತು ಸಾವಿರ ಕೈಗೆ ಬರ್ತೈತೇನ್ರಿ?"

ಕೂತು ಲೆಕ್ಕ ಹಾಕಿದೆವು. ಕಾಗದದಲ್ಲಿದ್ದದ್ದು ಸಿಟಿಸಿ, ಎಂದರೆ ಆ ಹುಡುಗನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಭವಿಷ್ಯನಿಧಿಗೆ ಕಂಪನಿ ತನ್ನ ಪಾಲೆಂದು ಕಟ್ಟುವ ತಿಂಗಳಿಗೆ 1,800 ರೂಪಾಯಿ ಅದರೊಳಗೇ ಸೇರಿತ್ತು. ಗ್ರಾಚ್ಯುಟಿಗೆ ಎತ್ತಿಟ್ಟದ್ದು, ವಿಮೆಯ ಕಂತು ಎಲ್ಲ ಸೇರಿತ್ತು. ಇನ್ನೊಂದು 30 ಸಾವಿರದ ಮುಂದೆ ವೇರಿಯಬಲ್ ಪೇ ಎಂದಿತ್ತು. ಅದು ಕಂಪನಿಯ ಲಾಭವನ್ನೂ ಹುಡುಗನಿಗೆ ಸಿಗುವ ಶ್ರೇಣಿಯನ್ನೂ ನೋಡಿ ಕೊಡುವ ಹಣ. ಪೂರ್ತಿ ಬಂದೀತೆಂಬ ಭರವಸೆ ಇಲ್ಲ. ಇಷ್ಟನ್ನು ತೆಗೆದು, ಉಳಿದದ್ದನ್ನು ಹನ್ನೆರಡು ತಿಂಗಳಿಗೆ ಹಂಚಿ, ಹುಡುಗನ ಪಾಲಿನ ಭವಿಷ್ಯನಿಧಿ ಇನ್ನೊಂದು 1,800 ಕಳೆದಾಗ ಕೈಗೆ ನಿಂತದ್ದು 23 ಸಾವಿರದ ಆಸುಪಾಸು. ಬೆಂಗಳೂರಿನಲ್ಲಿ ಮೂವರು ಹಂಚಿಕೊಳ್ಳುವ ಪಿಜಿ ಕೋಣೆಗೆ ಊಟ ಸೇರಿ ಎಂಟು–ಹತ್ತು ಸಾವಿರ ಬೇಕು. ಓಡಾಟ, ಫೋನು, ಓದಿಗೆ ಮಾಡಿದ ಸಾಲದ ಕಂತು ಬೇರೆ. ಆ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಊರಿಗೆ ಏನೂ ಕಳಿಸಾಕ ಆಗಂಗಿಲ್ಲ ಬಿಡ್ರಿ" ಎಂದರು. ಮಗ ತಲೆ ತಗ್ಗಿಸಿದ.

ನನ್ನನ್ನು ಬಹಳ ಕಾಡಿದ ಸಂಗತಿ ಬೇರೊಂದಿದೆ. ಇದಕ್ಕಿಂತ ಬಹಳ ಬೇರೆಯಲ್ಲದ ಅಂಕಿಯನ್ನು ನಾನು 2010ರ ಸುಮಾರಿನಲ್ಲೇ ನೋಡಿದ್ದೆ. ಆಗ ಕ್ಯಾಂಪಸ್ಸಿಗೆ ಬರುತ್ತಿದ್ದ ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳು ಹೊಸಬರಿಗೆ ಕೊಡುತ್ತಿದ್ದದ್ದು ಮೂರು ಲಕ್ಷದ ಮೇಲೆ ಒಂದಿಷ್ಟು. ಇವತ್ತೂ ಸಾಮಾನ್ಯ ದರ್ಜೆಯ ಹೊಸಬನಿಗೆ ಮೂರೂಕಾಲು ಲಕ್ಷದಿಂದ ಮೂರು ಲಕ್ಷದ ಅರವತ್ತು ಸಾವಿರ. ಈ ನಡುವೆ ಬದುಕಿನ ಖರ್ಚು ಎರಡು ಪಟ್ಟಿಗೂ ಮೀರಿದೆ. 2010ರ ಕೊನೆಗೆ ಹತ್ತು ಗ್ರಾಂ ಚಿನ್ನಕ್ಕೆ 20 ಸಾವಿರದ ಆಸುಪಾಸು ಇತ್ತು, 2025ರಲ್ಲಿ ಲಕ್ಷ ದಾಟಿತು. ಎಂಜಿನಿಯರಿಂಗ್ ಓದಿಸುವ ಖರ್ಚು ಎಷ್ಟು ಏರಿದೆಯೆಂಬುದನ್ನು ಮಕ್ಕಳನ್ನು ಓದಿಸಿದ ತಂದೆತಾಯಿಯರಿಗೆ ನಾನು ಹೇಳಬೇಕಾಗಿಲ್ಲ.

ಹೊಸಬನ ಸಂಬಳ ಮಾತ್ರ ಏರದಿರುವುದಕ್ಕೆ ಕಾರಣವೇನೆಂದು ತಿಳಿಯಬೇಕಾದರೆ ಈ ಕಸುಬಿನಲ್ಲಿ ದುಡ್ಡು ಹುಟ್ಟುವ ಬಗೆ ತಿಳಿಯಬೇಕು. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರು ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡರು. 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಬಾಗಿಲು ತೆರೆಯಿತು. ಮುಂದಿನದು ನಿಮಗೆಲ್ಲ ಗೊತ್ತಿರುವ ಕಥೆ. ಹೀಗೆ ಬೆಳೆದ ಸೇವಾ ಕಂಪನಿಗಳು ಮಾರುವುದು ಬಹುಪಾಲು ಕೆಲಸಗಾರನ ಗಂಟೆಯನ್ನು. ಅಮೆರಿಕದ ಬ್ಯಾಂಕೊಂದಕ್ಕೆ ಇಂತಿಷ್ಟು ಜನ, ಇಂತಿಷ್ಟು ಗಂಟೆ, ಗಂಟೆಗೆ ಇಂತಿಷ್ಟು ಡಾಲರು. ತಂಡದ ಮೇಲುಗಡೆ ಅನುಭವಿಗಳು ಕೆಲವರು, ಕೆಳಗಡೆ ಹೊಸಬರು ಹಲವರು. ಆ ಹಲವರ ಸಂಬಳ ಕಡಿಮೆ ಇದ್ದಷ್ಟೂ ಕಂಪನಿಗೆ ಉಳಿತಾಯ ಹೆಚ್ಚು. 2010ರಲ್ಲಿ ಡಾಲರಿಗೆ ಸುಮಾರು 45 ರೂಪಾಯಿ ಇತ್ತು, 2025ರಲ್ಲಿ 85 ದಾಟಿತ್ತು. ಅದೇ ಡಾಲರು ಈಗ ಹೆಚ್ಚುಕಡಿಮೆ ಎರಡರಷ್ಟು ರೂಪಾಯಿ ತರುತ್ತದೆ. ಗಿರಾಕಿಗಳು ದರ ಇಳಿಸಿರೆಂದು ಜಗ್ಗುತ್ತಾರೆ, ಹಿರಿಯರ ಸಂಬಳ ಏರಿದೆ, ಅದೆಲ್ಲ ನಿಜ. ಆದರೂ ಆ ಹೆಚ್ಚಳದ ಒಂದು ಪಾಲು ಹೊಸಬನ ಕೈಗೆ ಬರಬೇಕಿತ್ತು. ಬರಲಿಲ್ಲ.

ಬಾರದಿದ್ದದ್ದು ಏಕೆಂದರೆ, ಸಂಬಳ ಏರಿಸದಿದ್ದರೂ ಹುಡುಗರು ಸಿಗುತ್ತಿದ್ದರು. ಕಾಲೇಜುಗಳಲ್ಲಿ ಸಿವಿಲ್, ಮೆಕ್ಯಾನಿಕಲ್ ಸೀಟುಗಳು ಖಾಲಿ ಉಳಿಯುತ್ತಿವೆ, ಕಂಪ್ಯೂಟರ್ ಸೀಟುಗಳು ವರ್ಷವರ್ಷವೂ ಬೆಳೆಯುತ್ತಿವೆ. ಕೃತಕ ಬುದ್ಧಿಮತ್ತೆ, ದತ್ತಾಂಶ ವಿಜ್ಞಾನ ಎಂದು ಹೆಸರು ಬದಲಿಸಿಕೊಂಡು ಬಂದ ವಿಭಾಗಗಳಲ್ಲೂ ಕಲಿಸುವವರು ಅವರೇ, ಪಾಠವೂ ಬಹುಮಟ್ಟಿಗೆ ಅದೇ. ಹಿಂದೆ ಇನ್ಫೋಸಿಸ್‌ನಲ್ಲಿ ಹಣಕಾಸನ್ನೂ ಆಮೇಲೆ ಮಾನವ ಸಂಪನ್ಮೂಲವನ್ನೂ ನೋಡಿಕೊಂಡಿದ್ದ ಟಿ.ವಿ. ಮೋಹನದಾಸ್ ಪೈ ಅವರು 2017ರಲ್ಲೇ ಒಂದು ಮಾತು ಬಹಿರಂಗವಾಗಿ ಹೇಳಿದ್ದರು. ಹೊಸಬರ ಸಂಬಳ ಏರದಂತೆ ದೊಡ್ಡ ಕಂಪನಿಗಳು ಒಟ್ಟಾಗಿ ನೋಡಿಕೊಳ್ಳುತ್ತಿವೆ ಎಂಬುದು ಆ ಮಾತು. ಒಳಗಿದ್ದು ಬಂದವರ ಮಾತಾದ್ದರಿಂದ ಅದಕ್ಕೆ ತೂಕವಿತ್ತು.

ಮಧ್ಯೆ ಒಂದು ಹುಚ್ಚುಹೊಳೆಯೂ ಹರಿದುಹೋಯಿತು. ಕೋವಿಡ್ ಕಾಲದಲ್ಲಿ ಜಗತ್ತೆಲ್ಲ ಆನ್‌ಲೈನಿಗೆ ಹೊರಳಿತಷ್ಟೆ. 2021–22ರ ಒಂದೇ ವರ್ಷದಲ್ಲಿ ಟಿಸಿಎಸ್ ಒಂದು ಲಕ್ಷ ಹೊಸಬರನ್ನು ಸೇರಿಸಿಕೊಂಡಿತು, ಇನ್ಫೋಸಿಸ್ 85 ಸಾವಿರ ಮಂದಿಯನ್ನು. ಎರಡು–ಮೂರು ವರ್ಷ ಅನುಭವವಿದ್ದವರು ಕಂಪನಿಯಿಂದ ಕಂಪನಿಗೆ ಹಾರಿ ಸಂಬಳ ಇಮ್ಮಡಿ ಮಾಡಿಕೊಂಡರು. ನೂರರಲ್ಲಿ ಇಪ್ಪತ್ತೇಳು ಜನ ವರ್ಷದೊಳಗೆ ಬಿಟ್ಟುಹೋಗುವ ಸ್ಥಿತಿ ಇನ್ಫೋಸಿಸ್‌ನಂಥ ಕಂಪನಿಗೂ ಬಂತು. ಆ ಎರಡು ವರ್ಷ ನೋಡಿದ ತಂದೆತಾಯಿಯರು ಇದೇ ಈ ಕಸುಬಿನ ನಿಜವಾದ ಮಟ್ಟ ಎಂದುಕೊಂಡರು. ನಾನು ಮೇಷ್ಟರಾಗಿ ಎಚ್ಚರಿಕೆ ಹೇಳಬೇಕಿತ್ತು. ಹೇಳಿದೆ ಕೂಡ, ಆದರೆ ಸಾಕಷ್ಟು ಗಟ್ಟಿಯಾಗಿ ಹೇಳಲಿಲ್ಲ.

ಹೊಳೆ ಬೇಗನೆ ಇಳಿಯಿತು. 2023–24ರಲ್ಲಿ ಟಿಸಿಎಸ್‌ನ ನೌಕರರ ಸಂಖ್ಯೆ 13 ಸಾವಿರದಷ್ಟು, ಇನ್ಫೋಸಿಸ್‌ನದು ಸುಮಾರು 26 ಸಾವಿರದಷ್ಟು ತಗ್ಗಿತು. 2025ರ ಜುಲೈನಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿತು. ಅವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು. ಹರಿಹರದ ಆ ತಂದೆ ಟಿವಿಯಲ್ಲಿ ಈ ಸುದ್ದಿ ನೋಡಿ ಗಾಬರಿಯಾಗಿಯೇ ನನ್ನಲ್ಲಿಗೆ ಬಂದಿದ್ದರು.

ಈಗ ಎಲ್ಲರ ಬಾಯಲ್ಲಿರುವ ಮಾತಿಗೆ ಬರುತ್ತೇನೆ. ಕಂಪ್ಯೂಟರೇ ಪ್ರೋಗ್ರಾಂ ಬರೆಯುತ್ತದಂತೆ, ಇನ್ನು ನಮ್ಮ ಮಕ್ಕಳ ಗತಿ ಏನು? 2021ರಲ್ಲಿ ಗಿಟ್‌ಹಬ್ ಕೊಪೈಲಟ್ ಕಾಣಿಸಿಕೊಂಡಿತು. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಹೊರಬಂತು. ಇಂಥ ಉಪಕರಣಗಳು ಈಗ ನಿಜಕ್ಕೂ ಕೋಡ್ ಬರೆಯುತ್ತವೆ. ನಾನೂ ದಿನವೂ ಬಳಸುತ್ತೇನೆ, ಅವುಗಳನ್ನು ಹಗುರವಾಗಿ ಕಾಣಲಾರೆ. ಹಾಗಿದ್ದರೂ ನನ್ನ ಚಿಂತೆ ಇರುವುದು ಸ್ವಲ್ಪ ಬೇರೆ ಕಡೆ. ಅದನ್ನು ಹೇಳಲು ನನ್ನ ಮೊದಲ ಕೆಲಸದ ದಿನಗಳಿಗೆ ಹೋಗಬೇಕು.

ನಾನು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದು 1998ರಲ್ಲಿ, ವೈ2ಕೆ ಗಡಿಬಿಡಿಯ ಕಾಲದಲ್ಲಿ. ಹಳೆಯ ಪ್ರೋಗ್ರಾಂಗಳಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿದ್ದರು. 98, 99 ಆದಮೇಲೆ 00 ಬಂದರೆ ಯಂತ್ರ ಅದನ್ನು 1900 ಎಂದು ತಿಳಿದುಬಿಡುತ್ತದೆ. ವಿದೇಶಿ ಬ್ಯಾಂಕೊಂದರ ಕೊಬಾಲ್ ಭಾಷೆಯ ಪ್ರೋಗ್ರಾಂ ನನ್ನ ಪಾಲಿಗೆ ಬಂತು, ನಾಲ್ಕು ಸಾವಿರ ಸಾಲು. ಇಸವಿ ಇರುವ ಜಾಗವನ್ನೆಲ್ಲ ಹುಡುಕಿ ಎರಡು ಅಂಕಿಯನ್ನು ನಾಲ್ಕು ಮಾಡಬೇಕು. ಇವತ್ತಿನ ಉಪಕರಣಕ್ಕೆ ಅದು ಕೆಲವು ನಿಮಿಷದ ಕೆಲಸ. ನನಗೆ ಮೂರು ವಾರ ಹಿಡಿಯಿತು. ಪಕ್ಕದಲ್ಲಿ ಮೈಸೂರಿನ ಕಡೆಯ ಹಿರಿಯ ಸಹೋದ್ಯೋಗಿ ಒಬ್ಬರಿದ್ದರು, ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಹಸಿರು ಗೆರೆಯ ಉದ್ದನೆಯ ಕಾಗದದಲ್ಲಿ ಪ್ರೋಗ್ರಾಂ ಅಚ್ಚು ಹಾಕಿಸಿ, ಕೆಂಪು ಪೆನ್ಸಿಲು ಕೊಟ್ಟು, "ಮೊದಲು ಪೂರ್ತಿ ಓದಪ್ಪ, ಆಮೇಲೆ ಕೈ ಹಾಕು" ಎಂದರು. ಓದಿದೆ. ಬ್ಯಾಂಕು ಬಡ್ಡಿ ಹೇಗೆ ಕಟ್ಟುತ್ತದೆ, ಫೆಬ್ರವರಿ 29 ಬಂದರೆ ಏನು ಮಾಡುತ್ತದೆ, ಖಾತೆದಾರ ತೀರಿಕೊಂಡರೆ ಲೆಕ್ಕ ಎಲ್ಲಿ ನಿಲ್ಲುತ್ತದೆ, ಇವೆಲ್ಲ ನನಗೆ ತಿಳಿದದ್ದು ಆ ಮೂರು ವಾರದಲ್ಲಿ. ಕಂಪನಿಗೆ ನನ್ನಿಂದ ಆದ ಉಪಯೋಗ ಅಲ್ಪ, ನನಗೆ ಆದದ್ದು ಇವತ್ತಿನವರೆಗೂ ಅನ್ನ ಹಾಕುತ್ತಿದೆ.

ಭತ್ತ ಬೆಳೆಯುವವರಿಗೆ ಈ ಮಾತು ಬೇಗ ತಿಳಿಯುತ್ತದೆ. ನಾಟಿ ಮಾಡುವವರು ಬೀಜವನ್ನು ನೇರ ಗದ್ದೆಗೆ ಒಯ್ಯುವುದಿಲ್ಲ. ಮೊದಲು ಮೂಲೆಯಲ್ಲೊಂದು ಸಸಿಮಡಿ. ಅದಕ್ಕೆ ಒಳ್ಳೆ ಗೊಬ್ಬರ, ಹದವಾದ ನೀರು, ಹಕ್ಕಿ ಕಾಯುವ ಕೆಲಸ. ಮಡಿಯಲ್ಲಿರುವಾಗ ಸಸಿ ಒಂದು ಕಾಳನ್ನೂ ಕೊಡುವುದಿಲ್ಲ. ಆದರೂ ಯಾವ ರೈತನೂ ಈ ವರ್ಷ ಸಸಿಮಡಿ ದಂಡ ಎನ್ನುವುದಿಲ್ಲ. ಇಪ್ಪತ್ತೈದು ವರ್ಷ ನಮ್ಮ ಸಾಫ್ಟ್‌ವೇರ್ ಕಂಪನಿಗಳು ಸಸಿಮಡಿ ಮಾಡಿದವು. ಅದನ್ನು ನಾನು ಕೃತಜ್ಞತೆಯಿಂದಲೇ ಹೇಳುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿದ, ಇಂಗ್ಲಿಷ್ ಮಾತಾಡಲು ಬೆವರುತ್ತಿದ್ದ ಗದಗಿನ, ಚಾಮರಾಜನಗರದ, ರಾಯಚೂರಿನ ಮಕ್ಕಳನ್ನು ಮೈಸೂರಿನ ಇನ್ಫೋಸಿಸ್ ತರಬೇತಿ ಕೇಂದ್ರದಂಥ ಜಾಗಗಳಲ್ಲಿ ತಿಂಗಳುಗಟ್ಟಲೆ ಸಂಬಳ ಕೊಟ್ಟು ಕಲಿಸಿದರು. ಅವರ ಮನೆಗಳ ಹಂಚು ಹೋಗಿ ಆರ್‌ಸಿಸಿ ಬಂತು, ತಂಗಿಯರ ಓದು ಮುಂದುವರಿಯಿತು.

ಈಗ ಆ ಮಡಿ ಕಿರಿದಾಗುತ್ತಿದೆ. ಹೊಸಬನಿಗೆ ಕೊಡುತ್ತಿದ್ದ ಕೆಲಸಗಳೆಂದರೆ ಸಣ್ಣ ತಿದ್ದುಪಡಿ, ಪರೀಕ್ಷೆಯ ಸಾಲುಗಳು, ಹಳೆಯ ಪ್ರೋಗ್ರಾಂಗೆ ವಿವರಣೆ ಬರೆಯುವುದು. ಇವೇ ಉಪಕರಣಕ್ಕೆ ಸುಲಭವಾದವು. ಹಿರಿಯನೊಬ್ಬ ಉಪಕರಣ ಇಟ್ಟುಕೊಂಡು ಇಬ್ಬರು ಹೊಸಬರ ಕೆಲಸ ಮುಗಿಸುತ್ತಾನೆಂದರೆ, ಆ ಇಬ್ಬರನ್ನು ಏಕೆ ಸೇರಿಸಬೇಕೆಂಬ ಪ್ರಶ್ನೆ ಕಂಪನಿಯಲ್ಲಿ ಏಳುತ್ತದೆ. ಕಂಪನಿಯ ಮೂರು ತಿಂಗಳ ಲಾಭದ ಲೆಕ್ಕಕ್ಕೆ ಅದು ಸರಿಯಿರಬಹುದು. ಆದರೆ ಇವತ್ತಿನ ಹಿರಿಯ ನಿನ್ನೆಯ ಹೊಸಬನೇ ಅಲ್ಲವೇ? ಹತ್ತು ವರ್ಷದ ಮೇಲೆ ನಾಟಿಗೆ ಸಸಿ ಎಲ್ಲಿಂದ ತರುತ್ತಾರೆ? ಕಂಪನಿಗಳ ಹಿರಿಯರನ್ನು ಕಂಡಾಗಲೆಲ್ಲ ನಾನು ಈ ಪ್ರಶ್ನೆ ಕೇಳುತ್ತೇನೆ. ಪಕ್ಕದ ಕಂಪನಿಯಿಂದ ಎಂದು ಅವರು ಹೇಳುತ್ತಾರೆ. ಪಕ್ಕದ ಕಂಪನಿಯವರೂ ಅದನ್ನೇ ಹೇಳುತ್ತಾರೆ.

2025ರ ಫೆಬ್ರವರಿಯಲ್ಲಿ ಮೈಸೂರಿನ ಅದೇ ಇನ್ಫೋಸಿಸ್ ಕೇಂದ್ರದಿಂದ 300ಕ್ಕೂ ಹೆಚ್ಚು ತರಬೇತಿಯವರನ್ನು ಕೆಲಸದಿಂದ ತೆಗೆದ ಸುದ್ದಿ ನಿಮಗೆ ನೆನಪಿರಬಹುದು. ಮೂರು ಅವಕಾಶ ಕೊಟ್ಟರೂ ಪರೀಕ್ಷೆ ದಾಟಲಿಲ್ಲ ಎಂದು ಕಂಪನಿ ಹೇಳಿತು. ರಾಜ್ಯದ ಕಾರ್ಮಿಕ ಇಲಾಖೆಯವರು ಹೋಗಿ ವಿಚಾರಿಸಿದರು. ಆ ಮಕ್ಕಳಲ್ಲಿ ಅನೇಕರು ಆಫರ್ ಕಾಗದ ಹಿಡಿದು ಎರಡು ವರ್ಷಕ್ಕೂ ಹೆಚ್ಚು ಕಾಲ ಕರೆಗಾಗಿ ಕಾದವರು. ಓದು ಮುಗಿಸಿ ಎರಡು ವರ್ಷ ಕಾದ ಹುಡುಗನ ಕೈ ಒಣಗಿರುತ್ತದೆ. ತಡವಾಗಿ ಕಿತ್ತ ಸಸಿ ಸರಿಯಾಗಿ ಬೇರು ಹಿಡಿಯುವುದಿಲ್ಲ. ಕಾಯಿಸುವುದಿದ್ದರೆ ಕಾಯುವ ಕಾಲಕ್ಕೂ ಕಲಿಕೆ, ಒಂದಿಷ್ಟು ಭತ್ಯೆ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಎಲ್ಲ ಬಾಗಿಲೂ ಮುಚ್ಚಿದವೇ? ಇಲ್ಲ. ಒಂದು ಬಾಗಿಲು ಅಗಲವಾಗುತ್ತಲೇ ಇದೆ. ಹೊರದೇಶದ ಬ್ಯಾಂಕು, ಔಷಧ ಕಂಪನಿ, ಕಾರು ಕಂಪನಿ, ಅಂಗಡಿ ಸರಪಳಿಗಳು ತಮ್ಮ ಕೆಲಸವನ್ನು ಬೇರೆಯವರಿಗೆ ಗುತ್ತಿಗೆ ಕೊಡದೆ ಇಲ್ಲಿಯೇ ಸ್ವಂತ ಕಚೇರಿ ತೆರೆಯುತ್ತಿವೆ. ಇವನ್ನು ಜಾಗತಿಕ ಸಾಮರ್ಥ್ಯ ಕೇಂದ್ರ, ಬಾಯಿಮಾತಿನಲ್ಲಿ ಜಿಸಿಸಿ ಎನ್ನುತ್ತಾರೆ. 2024ರ ಲೆಕ್ಕದಂತೆ ದೇಶದಲ್ಲಿ ಇಂಥವು 1,700ಕ್ಕೂ ಹೆಚ್ಚಿದ್ದವು, ಸುಮಾರು 19 ಲಕ್ಷ ಜನ ದುಡಿಯುತ್ತಿದ್ದರು, ಎಲ್ಲಕ್ಕಿಂತ ಹೆಚ್ಚು ಇರುವುದು ಬೆಂಗಳೂರಿನಲ್ಲಿ. 2029ರೊಳಗೆ ಇನ್ನೂ 500 ಕೇಂದ್ರ, 3.5 ಲಕ್ಷ ಉದ್ಯೋಗ ತರುವ ಗುರಿ ಇಟ್ಟುಕೊಂಡು ನಮ್ಮ ರಾಜ್ಯ ಸರ್ಕಾರ ನೀತಿಯನ್ನೇ ಮಾಡಿದೆ. ಇದರ ಜೊತೆಗೆ ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿತು. ಆನ್‌ಸೈಟ್ ಎಂದು ಗಿರಾಕಿಯ ದೇಶಕ್ಕೆ ಹೋಗಿ ನಾಲ್ಕು ವರ್ಷ ದುಡಿದು ಮನೆ ಕಟ್ಟಿಸುವ ಹಳೆಯ ದಾರಿ ಇದರಿಂದ ಬಹಳ ಇಕ್ಕಟ್ಟಾಯಿತು. ಅಲ್ಲಿಗೆ ಹೋಗಬೇಕಿದ್ದ ಕೆಲಸದ ಒಂದಿಷ್ಟು ಇಲ್ಲಿನ ಕೇಂದ್ರಗಳಿಗೇ ಬಂದೀತು.

ಇಂಥ ಕಡೆ ಹೊಸಬರಿಗೂ ಎಂಟು, ಹತ್ತು, ಕೆಲವೊಮ್ಮೆ ಇಪ್ಪತ್ತು ಲಕ್ಷದವರೆಗೆ ಸಿಗುತ್ತದೆ. ಸೇವಾ ಕಂಪನಿಗಳೂ ಹೆಚ್ಚಿನ ಪರೀಕ್ಷೆ ಪಾಸಾದ ಕೆಲವರಿಗೆ ಏಳು, ಒಂಬತ್ತು ಲಕ್ಷದ ಬೇರೆ ಸಾಲು ಮಾಡಿವೆ. ಒಂದೇ ಬೆಂಚಿನಲ್ಲಿ ಕೂತು ಓದಿದ ಇಬ್ಬರಲ್ಲಿ ಒಬ್ಬನಿಗೆ ಇನ್ನೊಬ್ಬನ ನಾಲ್ಕರಷ್ಟು ಸಂಬಳ ಬರುವುದನ್ನು ನಾನು ಕಂಡಿದ್ದೇನೆ. ಆದರೆ ಈ ಕೇಂದ್ರಗಳು ಹೊಸಬರನ್ನು ಸಾವಿರಗಟ್ಟಲೆ ತೆಗೆದುಕೊಂಡು ಆರು ತಿಂಗಳು ಕೂರಿಸಿ ಕಲಿಸುವುದಿಲ್ಲ. ಕಲಿತು ಬಂದವರನ್ನೇ ಕೇಳುತ್ತವೆ. ಹಾಗಾಗಿ ಸಸಿಮಡಿಯ ಕೆಲಸ ಈಗ ಕಾಲೇಜಿನ ಮೇಲೆ ಬಿದ್ದಿದೆ. ನಾವು ಕಾಲೇಜಿನವರು ಅದಕ್ಕೆ ಸಿದ್ಧರಾಗಿಲ್ಲ, ಇದನ್ನು ನೋವಿನಿಂದ ಹೇಳುತ್ತೇನೆ.

ಕಲಿತು ಬರುವುದು ಎಂದರೇನು, ಒಂದು ಉದಾಹರಣೆ ಕೊಡುತ್ತೇನೆ. ನನ್ನ ಒಬ್ಬ ವಿದ್ಯಾರ್ಥಿನಿ ಉಪಕರಣದ ಸಹಾಯದಿಂದ ಹಾಸ್ಟೆಲ್ ಮೆಸ್ಸಿನ ಬಿಲ್ಲಿಗೆ ಪ್ರೋಗ್ರಾಂ ಮಾಡಿದ್ದಳು. ಎರಡು ಸಂಜೆಯ ಕೆಲಸ, ನೋಡಲು ಅಚ್ಚುಕಟ್ಟು. ಮೆಸ್ಸಿನಲ್ಲೊಂದು ನಿಯಮವಿದೆ. ಸತತ ಮೂರು ದಿನ ಅಥವಾ ಹೆಚ್ಚು ಊರಿಗೆ ಹೋದರೆ ಆ ದಿನಗಳ ದುಡ್ಡು ಕಡಿತ, ಮೂರಕ್ಕಿಂತ ಕಡಿಮೆಯಾದರೆ ಇಲ್ಲ. 2024ರ ದೀಪಾವಳಿಗೆ ಅಕ್ಟೋಬರ್ 31, ನವೆಂಬರ್ 1 ಮತ್ತು 2 ಮೂರು ದಿನ ಊರಿಗೆ ಹೋಗಿದ್ದ ಯಾರಿಗೂ ಕಡಿತ ಬಂದಿರಲಿಲ್ಲ. ಏಕೆಂದು ಕೇಳಿದರೆ ಅವಳಿಗೆ ಗೊತ್ತಿಲ್ಲ. "ಸರ್, ಟೆಸ್ಟ್ ಎಲ್ಲ ಪಾಸಾಗಿದೆ" ಅಂದಳು. ಇಬ್ಬರೂ ಕೂತು ಸಾಲುಸಾಲಾಗಿ ಓದಿದೆವು. ಪ್ರೋಗ್ರಾಂ ತಿಂಗಳಿಗೊಂದು ಬಿಲ್ ಮಾಡುವಾಗ ರಜೆಯನ್ನೂ ತಿಂಗಳಿಗೆ ಕತ್ತರಿಸುತ್ತಿತ್ತು. ಅಕ್ಟೋಬರ್‌ನಲ್ಲಿ ಒಂದು ದಿನ, ನವೆಂಬರ್‌ನಲ್ಲಿ ಎರಡು ದಿನ. ಎರಡೂ ಮೂರಕ್ಕಿಂತ ಕಡಿಮೆ. ಅವಳು ಮೆಸ್ಸಿನ ಮ್ಯಾನೇಜರ್ ಬಳಿ ಹೋಗಿ ಅವರು ಹಿಂದೆ ಕೈಬರಹದ ಪುಸ್ತಕದಲ್ಲಿ ಹೇಗೆ ಮಾಡುತ್ತಿದ್ದರೆಂದು ಕೇಳಿಕೊಂಡು ಬಂದಳು. ಹಿಂದಿನ ತಿಂಗಳ ಕೊನೆಯ ರಜೆಯನ್ನು ಮುಂದಿನ ಪುಟಕ್ಕೆ ಕೆಂಪು ಶಾಯಿಯಲ್ಲಿ ಎಳೆದುಕೊಳ್ಳುತ್ತಿದ್ದರಂತೆ. ಅದನ್ನೇ ಪ್ರೋಗ್ರಾಂನಲ್ಲಿ ಮಾಡಿದಳು. ಸಂದರ್ಶನವೊಂದರಲ್ಲಿ ಅರ್ಧ ಗಂಟೆ ಈ ತಪ್ಪಿನ ಬಗ್ಗೆಯೇ ಮಾತಾಡಿ ಕೆಲಸ ಪಡೆದಳು. ಅವಳ ಇಂಗ್ಲಿಷ್ ಅಷ್ಟೇನೂ ಸರಾಗವಲ್ಲ. ನಡೆದದ್ದನ್ನು ಬಿಡಿಸಿ ಹೇಳಬಲ್ಲಳು, ಅಷ್ಟೆ.

ಕೋಡ್ ಬರೆಯುವುದು ಅಗ್ಗವಾದಷ್ಟೂ, ಬರೆದದ್ದು ಸರಿಯೋ ತಪ್ಪೋ ಎಂದು ಓದಿ ಹೇಳುವವರಿಗೆ ಬೆಲೆ ಏರುತ್ತಿದೆ. ಹಾಗೆ ಓದಬಲ್ಲವರು ಬ್ಯಾಂಕಿನ ಲೆಕ್ಕವನ್ನೋ ಆಸ್ಪತ್ರೆಯ ದಾಖಲೆಯನ್ನೋ ಬಲ್ಲವರೂ ಆಗಿದ್ದರೆ ಇನ್ನೂ ಹೆಚ್ಚು. ವಿದ್ಯಾರ್ಥಿಗಳು ಉಪಕರಣ ಬಳಸಲಿ, ಬೇಡವೆನ್ನಲಾರೆ. ಆದರೆ ಮೊದಲ ಎರಡು ವರ್ಷ ಕೈಯಾರೆ ಬರೆಯಲಿ, ಬೇರೆಯವರು ಬರೆದದ್ದನ್ನು ಓದಲಿ. ಕಾಲೇಜುಗಳು ಪರೀಕ್ಷೆಯಲ್ಲಿ ಪ್ರೋಗ್ರಾಂ ಬಾಯಿಪಾಠ ಬರೆಸುವುದನ್ನು ಬಿಟ್ಟು, ಇರುವ ಪ್ರೋಗ್ರಾಂನಲ್ಲಿ ತಪ್ಪು ಹುಡುಕಿಸಲಿ.

ತಂದೆತಾಯಿಯರಿಗೂ ಒಂದೆರಡು ಮಾತು. ಆಫರ್ ಕಾಗದ ಬಂದಾಗ ಸಿಟಿಸಿ ಎಂಬ ದೊಡ್ಡ ಅಂಕಿ ನೋಡಿ ಊರೆಲ್ಲ ಹೇಳಬೇಡಿ. ತಿಂಗಳಿಗೆ ಕೈಗೆಷ್ಟು, ಬಾಂಡ್ ಎಷ್ಟು ವರ್ಷದ್ದು, ಬಿಟ್ಟರೆ ಎಷ್ಟು ಕಟ್ಟಬೇಕು, ಸೇರುವ ತಾರೀಕು ಬರೆದಿದ್ದಾರೆಯೇ, ನೋಡಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನೇಮಕಾತಿ ಪತ್ರ ಕೊಡುವುದು ಈಗ ಕಡ್ಡಾಯ. ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿಯ ಹಕ್ಕಿದೆ. ಮೂಲವೇತನವನ್ನು ಕುಗ್ಗಿಸಿ ಭತ್ಯೆಗಳನ್ನು ಉಬ್ಬಿಸುವುದಕ್ಕೂ ಮಿತಿ ಬಂದಿದೆ. ದುಡ್ಡು ಕಟ್ಟಿದರೆ ಹಿಂಬಾಗಿಲಿನಿಂದ ಕಂಪನಿಗೆ ಸೇರಿಸುತ್ತೇವೆ ಎನ್ನುವವರ ಮಾತು ಮಾತ್ರ ದಯವಿಟ್ಟು ಕೇಳಬೇಡಿ. ಜಮೀನು ಒತ್ತೆಯಿಟ್ಟು ಹಾಗೆ ಕಳೆದುಕೊಂಡ ಎರಡು ಮನೆಗಳನ್ನು ನಾನು ಬಲ್ಲೆ. ಕೆಲಸದಲ್ಲಿ ಅನ್ಯಾಯವಾದರೆ ಕೇಳಲು ನಮ್ಮ ರಾಜ್ಯದಲ್ಲಿ ಐಟಿ ನೌಕರರದೇ ಒಂದು ಸಂಘವೂ 2017ರಿಂದ ಇದೆ. ಅದು ಇರುವುದೇ ಬಹಳ ಹುಡುಗರಿಗೆ ಗೊತ್ತಿಲ್ಲ.

ಹರಿಹರದ ಆ ತಂದೆ ಅವತ್ತು ಏಳುವ ಮುಂಚೆ ಕೇಳಿದ್ದರು: "ಹಂಗಾರ ಸೇರ್ಲೋ ಬ್ಯಾಡೋ ಹೇಳ್ರಿ ಸರ್." ಸೇರಲಿ ಎಂದೆ. ಎರಡು ವರ್ಷ ಮನೆಯವರು ಅವನ ಸಂಬಳ ನೆಚ್ಚಿಕೊಳ್ಳಬಾರದು, ಆ ಎರಡು ವರ್ಷ ಅವನ ಸಸಿಮಡಿ ಎಂದುಕೊಳ್ಳಿ ಎಂದೆ. ಅವರು ಒಪ್ಪಿದರು. ಸೇರುವ ತಾರೀಕು ಮಾತ್ರ ಇನ್ನೂ ಬಂದಿಲ್ಲ. ಹುಡುಗ ಊರಲ್ಲೇ ಇದ್ದಾನೆ. ಬೆಳಿಗ್ಗೆ ಅಪ್ಪನ ಜೊತೆ ಬೇಸಿಗೆ ಬೆಳೆಯ ಮಡಿ ಸಿದ್ಧ ಮಾಡುತ್ತಾನೆ. ಮಧ್ಯಾಹ್ನದ ಮೇಲೆ ಊರಿನ ಸಹಕಾರ ಸಂಘಕ್ಕೆ ಹೋಗಿ ಕಾರ್ಯದರ್ಶಿಯವರ ಪಕ್ಕ ಕೂರುತ್ತಾನೆ. ಬಡ್ಡಿಯಿಲ್ಲದ ಬೆಳೆಸಾಲಕ್ಕೆ ಗಡುವು ತಪ್ಪಿದರೆ ಬಡ್ಡಿ ಬೀಳುತ್ತದಲ್ಲ, ಯಾರ ಗಡುವು ಯಾವತ್ತು ಎಂದು ರೈತರಿಗೆ ಮುಂಚೆಯೇ ಫೋನಿಗೆ ತಿಳಿಸುವ ಪ್ರೋಗ್ರಾಂ ಒಂದನ್ನು ಬರೆಯುತ್ತಿದ್ದಾನೆ. ಮೊನ್ನೆ ಫೋನ್ ಮಾಡಿದ್ದ. ಹಳೆಯ ಸಾಲ ನವೀಕರಿಸಿದವರ ಲೆಕ್ಕದಲ್ಲಿ ತಾರೀಕು ಒಂದು ದಿನ ಹಿಂದೆ ಬೀಳುತ್ತಿದೆಯಂತೆ, ಏಕೆಂದು ತಿಳಿಯುತ್ತಿಲ್ಲವಂತೆ. ಅಚ್ಚು ಹಾಕಿಸಿಕೊಂಡು ಭಾನುವಾರ ಬಾ ಎಂದಿದ್ದೇನೆ.